ಚದುರಂಗದ ಆರಂಭದ ಬಲೆಗಳು: ಚರಿತ್ರೆಯ ಸಾಕ್ಷ್ಯದ ಒಂದು ಪರಿಶೀಲನೆ

1

ಚದುರಂಗದಲ್ಲಿ ಮೊದಲ ಹತ್ತು ಹನ್ನೆರಡು ನಡೆಗಳೊಳಗೇ ಎದುರಾಳಿಗೆ ಬಲೆಯೊಡ್ಡಿ ಆಟವನ್ನು ಮುಗಿಸಬೇಕೆಂಬ ಹಂಬಲ ಬಹು ಹಳೆಯದು. ಇಂತಹ ಬಲೆಗಳನ್ನು ವಿವರಿಸುವ ಗ್ರಂಥಗಳು ಯೂರೋಪಿನಲ್ಲಿ ಮುದ್ರಣಯಂತ್ರ ಬಳಕೆಗೆ ಬಂದ ಕೆಲವೇ ದಶಕಗಳಲ್ಲಿ ಕಾಣಿಸಿಕೊಂಡವು. ಇಂದಿಗೂ ಅವುಗಳ ಸಂತತಿ ಬೆಳೆಯುತ್ತಲೇ ಇದೆ. ಆಟವನ್ನು ಹೊಸದಾಗಿ ಕಲಿತವರು ಇವನ್ನು ಬಾಯಿಪಾಠ ಮಾಡಿ ಪ್ರಯೋಗಿಸಲು ತವಕಿಸುತ್ತಾರೆ. ನುರಿತವರಲ್ಲಿ ಅನೇಕರು ಇವು ಕಲಿಯುವವರನ್ನು ಕೆಡಿಸುವ ಉಪಾಯಗಳೆಂದು ತಳ್ಳಿಹಾಕುತ್ತಾರೆ. ಈ ಎರಡು ಅಭಿಪ್ರಾಯಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು, ದಾಖಲೆಯಾಗಿ ಉಳಿದು ಬಂದ ಆಟಗಳ ಆಧಾರದ ಮೇಲೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ತೊಡಗುವಾಗಲೇ ಒಂದು ತೊಡಕು ಎದುರಾಗುತ್ತದೆ. ಬಲೆಗೆ ಬಿದ್ದವನ ಆಟವನ್ನು ಜನ ಬರೆದಿಟ್ಟುಕೊಳ್ಳುತ್ತಾರೆ, ಅಚ್ಚುಹಾಕಿಸುತ್ತಾರೆ, ಶತಮಾನಗಳ ಕಾಲ ಹೇಳಿಕೊಂಡು ನಗುತ್ತಾರೆ. ಬಲೆಯನ್ನು ಕಂಡು ಪಕ್ಕಕ್ಕೆ ಸರಿದು ಸಾವಧಾನವಾಗಿ ಗೆದ್ದವನ ಆಟ ಬಲೆಗಳ ಸಂಗ್ರಹದಲ್ಲಿ ಸೇರುವುದಿಲ್ಲ. ಆದುದರಿಂದ ಈ ಸಂಗ್ರಹಗಳನ್ನೇ ಸಾಕ್ಷ್ಯವೆಂದು ಹಿಡಿದರೆ ಪ್ರತಿಯೊಂದು ಬಲೆಯೂ ತಪ್ಪದೆ ಫಲಿಸಿದಂತೆ ತೋರುತ್ತದೆ. ಗೆದ್ದ ಅರಸರ ಶಾಸನಗಳನ್ನು ಮಾತ್ರ ಓದಿ ಒಂದು ಕಾಲದ ಯುದ್ಧಗಳನ್ನು ವರ್ಣಿಸಿದಂತೆಯೇ ಇದು. ಚದುರಂಗದ ಚರಿತ್ರೆಯನ್ನು ಓದುವವರು ಉಳಿದು ಬಂದುದರೊಡನೆ ಉಳಿಯದೆ ಹೋದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ವಿಚಾರದ ಸೌಕರ್ಯಕ್ಕಾಗಿ ನಾವು ಬಲೆಗಳನ್ನು ಎರಡು ವರ್ಗವಾಗಿ ವಿಂಗಡಿಸಿಕೊಳ್ಳುತ್ತೇವೆ. ಬಲೆಯೊಡ್ಡುವವನು ಅದಕ್ಕಾಗಿ ತಾನೇ ಒಂದು ಕಳಪೆ ನಡೆಯನ್ನು ಆಡಿ, ಎದುರಾಳಿ ಬೀಳದಿದ್ದರೆ ನಷ್ಟಕ್ಕೆ ಗುರಿಯಾಗುವಂತಹವು ಮೊದಲನೆಯ ವರ್ಗ. ಇವನ್ನು ಪಣವೊಡ್ಡಿದ ಬಲೆಗಳೆನ್ನಬಹುದು. ಒಡ್ಡುವವನು ಹೇಗೂ ಆಡಬೇಕಾಗಿದ್ದ ಒಳ್ಳೆಯ ನಡೆಗಳ ನಡುವೆಯೇ ಅಡಗಿದ್ದು, ಎದುರಾಳಿ ಬೀಳದಿದ್ದರೂ ಒಡ್ಡಿದವನಿಗೆ ಯಾವ ಹಾನಿಯನ್ನೂ ಮಾಡದಂತಹವು ಎರಡನೆಯ ವರ್ಗ; ಇವು ಸಹಜವಾದ ಬಲೆಗಳು. ಮುಂದಿನ ವಿವೇಚನೆ ಈ ಭೇದದ ಮೇಲೆ ನಿಂತಿದೆ.

2

ಆರಂಭದಲ್ಲಿಯೇ ಬಲೆಯೊಡ್ಡುವುದು ಪ್ರಾಚೀನ ಚದುರಂಗದಲ್ಲಿ ಹೆಚ್ಚಾಗಿ ಸಾಧ್ಯವಿರಲಿಲ್ಲ. ಭಾರತದಿಂದ ಪಾರಸಿಕ ದೇಶಕ್ಕೂ ಅಲ್ಲಿಂದ ಅರಬರಿಗೂ ಹೋದ ಆಟದಲ್ಲಿ ಮಂತ್ರಿಯ ಕಾಯಿ ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿತ್ತು. ನಾವು ಇಂದು ಒಂಟೆಯೆಂದು ಕರೆಯುವ ಕಾಯಿಯ ಸ್ಥಾನದಲ್ಲಿದ್ದುದು ಓರೆಯಾಗಿ ಎರಡನೆಯ ಮನೆಗೆ ಹಾರುತ್ತಿತ್ತು, ಅಷ್ಟೆ. ಕಾಲಾಳುಗಳು ಒಂದೊಂದೇ ಹೆಜ್ಜೆ ಇಡುತ್ತಿದ್ದವು. ಇಂತಹ ಸೈನ್ಯಗಳು ಒಂದಕ್ಕೊಂದು ತಾಗಬೇಕಾದರೆ ಬಹಳ ನಡೆಗಳು ಬೇಕು. 9 ಮತ್ತು 10ನೆಯ ಶತಮಾನಗಳ ಅರಬ್ ಪಂಡಿತರಾದ ಅಲ್-ಅದ್ಲಿ, ಅಸ್-ಸೂಲಿ ಮೊದಲಾದವರ ಕಾಲದಲ್ಲಿ ಆರಂಭವೆಂದರೆ ಸೈನ್ಯವನ್ನು ನಿಲ್ಲಿಸುವ ವ್ಯೂಹಗಳ ವಿಚಾರವಾಗಿತ್ತು. ಅವುಗಳನ್ನು ತಾಬಿಯಗಳೆಂದು ಕರೆಯುತ್ತಿದ್ದರು. ಎದುರಾಳಿಯ ನಡೆಯನ್ನು ಹೆಚ್ಚಾಗಿ ಗಮನಿಸದೆಯೇ ತನ್ನ ವ್ಯೂಹವನ್ನು ಕಟ್ಟಿಕೊಳ್ಳಲು ಅವಕಾಶವಿದ್ದ ಕಡೆ ಬಲೆಗೆ ಎಡೆಯೆಲ್ಲಿ?

15ನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನಲ್ಲಿ ಆಟದ ನಿಯಮ ಬದಲಾಯಿತು. ಮಂತ್ರಿಯ ಸ್ಥಾನದಲ್ಲಿದ್ದ ಕಾಯಿ ರಾಣಿಯಾಗಿ ಎಂಟು ದಿಕ್ಕುಗಳಿಗೂ ತಡೆಯಿಲ್ಲದೆ ಓಡುವ ಶಕ್ತಿಯನ್ನು ಪಡೆಯಿತು. ಒಂಟೆಗೆ ಓರೆಯ ಸಾಲು ಪೂರ್ತಿಯಾಗಿ ತೆರೆಯಿತು. ಹೊಸ ರಾಣಿಯ ಆಟವನ್ನು ತೋರಿಸುವ ಅತ್ಯಂತ ಹಳೆಯ ದಾಖಲೆ ಸ್ಪೇನ್ ದೇಶದ ವಲೆನ್ಸಿಯದಲ್ಲಿ ಸುಮಾರು 1475ರಲ್ಲಿ ಹುಟ್ಟಿದ ಒಂದು ಕಾವ್ಯ. 1497ರಲ್ಲಿ ಲುಸೇನ ಎಂಬಾತ ಸಲಮಾಂಕದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಳೆಯ ಹಾಗೂ ಹೊಸ ನಿಯಮಗಳ ಆಟಗಳೆರಡೂ ಇವೆ. ಈಗ ಎರಡು ಮೂರು ನಡೆಗಳಲ್ಲಿಯೇ ರಾಣಿ ಎದುರಾಳಿಯ ರಾಜನ ಬಾಗಿಲಿಗೆ ಹೋಗಿ ನಿಲ್ಲಬಲ್ಲಳು. ಆರಂಭದ ಬಲೆ ಹುಟ್ಟಿದ್ದು ಹೀಗೆ. ಅದು ರಾಣಿಯ ಸಂತಾನವೆನ್ನಬಹುದು.

ಆ ಕಾಲದಲ್ಲಿ ಬಲೆಯೆಂಬುದು ಹಲಗೆಯ ಹೊರಗೂ ಹಬ್ಬಿತ್ತು. ಹಗಲಿನಲ್ಲಿ ಆಡುವುದಾದರೆ ಬೆಳಕು ಎದುರಾಳಿಯ ಕಣ್ಣಿಗೆ ಹೊಡೆಯುವಂತೆ ಕೂರಿಸಬೇಕೆಂದು ಲುಸೇನನೇ ಉಪದೇಶಿಸಿದ್ದಾನೆ. ಪಂದ್ಯದ ಹಣಕ್ಕಾಗಿ ಆಡುವ ಲೋಕದಲ್ಲಿ ಹುಟ್ಟಿದ ವಿದ್ಯೆಗೆ ಇದು ಸಹಜವೇ.

1512ರಲ್ಲಿ ರೋಮ್ ನಗರದಲ್ಲಿ ಪೋರ್ಚುಗಲ್ಲಿನ ದಮಿಯಾನೊ ಎಂಬವನ ಗ್ರಂಥ ಹೊರಬಂದಿತು. ರಾಜನ ಮುಂದಿನ ಕಾಲಾಳಿನ ಮೇಲೆ ಬಿಳಿಯವನ ಕುದುರೆ ಏರಿ ಬಂದಾಗ, ಅದನ್ನು ಪಕ್ಕದ ಕಾಲಾಳಿನಿಂದ ಕಾಯುವುದು ಅಪಾಯಕರವೆಂದು ಅವನು ತೋರಿಸಿದನು. ಬಿಳಿಯವನು ಆ ಕಾಲಾಳನ್ನು ಕುದುರೆಯಿಂದ ಕಡಿದು ಕುದುರೆಯನ್ನೇ ಬಲಿಗೊಡುತ್ತಾನೆ. ಅದನ್ನು ತೆಗೆದುಕೊಂಡವನ ರಾಜನ ಮೇಲೆ ರಾಣಿ ಎರಗುತ್ತಾಳೆ. ರಾಣಿಯ ಕಡೆಯ ಕುದುರೆಯಿಂದ ಕಾಯುವುದೇ ಲೇಸೆಂಬುದು ಅವನ ಮತ. ವಿಚಿತ್ರವೆಂದರೆ ಅವನು ನಿಂದಿಸಿದ ರಕ್ಷಣೆಯೇ ಅವನ ಹೆಸರನ್ನು ಹೊತ್ತು ನಿಂತಿದೆ. ತಪ್ಪು ಯಾವುದೆಂದು ಅಚ್ಚಾಗಿ ಐದು ನೂರು ವರ್ಷಗಳು ಕಳೆದಿದ್ದರೂ, ಹೊಸಬರು ಇಂದಿಗೂ ಆ ಕಾಲಾಳನ್ನು ಮುಂದೆ ತಳ್ಳುತ್ತಲೇ ಇದ್ದಾರೆ. ಬಲೆಯ ಗುಟ್ಟು ಬಯಲಾದೊಡನೆ ಬಲೆ ಸಾಯುತ್ತದೆಂಬ ನಂಬಿಕೆಗೆ ಇದು ಮೊದಲನೆಯ ಅಪವಾದ.

3

ಬಲೆಗಳ ಸಾಹಿತ್ಯಕ್ಕೆ ನಿಜವಾದ ಪ್ರವರ್ತಕನೆಂದರೆ ಇಟಲಿಯ ಕಲಾಬ್ರಿಯ ಪ್ರಾಂತದ ಜೊವಾಕಿನೊ ಗ್ರೆಕೊ. ಸುಮಾರು 1600ರಲ್ಲಿ ಹುಟ್ಟಿದ ಈತ ರೋಮ್, ಪ್ಯಾರಿಸ್, ಲಂಡನ್, ಮ್ಯಾಡ್ರಿಡ್ ನಗರಗಳಲ್ಲಿ ಸಂಚರಿಸುತ್ತ, ಶ್ರೀಮಂತ ಆಶ್ರಯದಾತರಿಗೆ ಆಟಗಳ ಹಸ್ತಪ್ರತಿಗಳನ್ನು ಬರೆದುಕೊಟ್ಟು ಜೀವಿಸಿದನು. ಅವನ ಮರಣದ ಬಳಿಕ, 1656ರಲ್ಲಿ, ಫ್ರಾನ್ಸಿಸ್ ಬೀಲ್ ಎಂಬವನ ಮೂಲಕ ಲಂಡನ್ನಿನಲ್ಲಿ ಅವನ ಆಟಗಳು ಮುದ್ರಿತವಾದವು. ಅವು ಚಿಕ್ಕವು, ಚುರುಕಾದವು, ನೋಡಲು ಸೊಗಸಾದವು. ಅವುಗಳಲ್ಲಿ ಸೋತವನಿಗೆ ಹೆಸರಿಲ್ಲ. ಅವನು ಗ್ರೆಕೊ ಬಯಸಿದ ಕಡೆಯಲ್ಲೆಲ್ಲ ಬಯಸಿದ ತಪ್ಪನ್ನೇ ಮಾಡುತ್ತಾನೆ. ಅವುಗಳಲ್ಲಿ ಬಹುಪಾಲು ಹಲಗೆಯ ಮೇಲೆ ಇಬ್ಬರು ಆಡಿದ ಆಟಗಳಲ್ಲ, ಪಾಠಕ್ಕಾಗಿ ರಚಿಸಿದವು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ರಾಜನ ಮೇಲೆ ದಾಳಿ ಹೇಗೆ ನಡೆಯುತ್ತದೆಂಬುದನ್ನು ಕಲಿಸುವುದರಲ್ಲಿ ಅವುಗಳ ಬೆಲೆ ದೊಡ್ಡದು. ಆದರೆ ಬಲೆ ಎಷ್ಟು ಸಲ ಫಲಿಸುತ್ತದೆಂಬ ನಮ್ಮ ಪ್ರಶ್ನೆಗೆ ಅವು ಸಾಕ್ಷ್ಯವಾಗಲಾರವು.

ಹೆಸರುಳ್ಳ ವ್ಯಕ್ತಿಗಳ ನಡುವೆ ನಡೆದುದೆಂದು ಪ್ರಸಿದ್ಧವಾದ ಆಟಕ್ಕೆ ಬಂದರೂ ಸಂದೇಹ ತೀರುವುದಿಲ್ಲ. ಪ್ಯಾರಿಸ್ಸಿನ ಕೆಫೆ ದ ಲ ರೆಜಾನ್ಸ್‌ನಲ್ಲಿ ಆಡುತ್ತಿದ್ದ ಲೆಗಾಲ್ (1702-1792) ತನ್ನ ರಾಣಿಯನ್ನೇ ಬಿಟ್ಟುಕೊಟ್ಟು, ಏಳನೆಯ ನಡೆಯಲ್ಲಿ ಒಂಟೆ ಮತ್ತು ಕುದುರೆಗಳಿಂದ ಸಾಂ ಬ್ರೀ ಎಂಬವನ ರಾಜನನ್ನು ಕಟ್ಟಿಹಾಕಿದ ಕಥೆಯನ್ನು ಚದುರಂಗ ಬಲ್ಲವರೆಲ್ಲರೂ ಕೇಳಿರುತ್ತಾರೆ. 18ನೆಯ ಶತಮಾನದ ಮಧ್ಯಭಾಗದ್ದೆಂದು ಸಾಮಾನ್ಯವಾಗಿ ಹೇಳಲಾಗುವ ಈ ಆಟಕ್ಕೆ ಪಾಠಾಂತರಗಳಿವೆ. ಒಂದು ಪಾಠದಲ್ಲಿ ಕರಿಯವನು ತನ್ನ ರಾಜನ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಸುಮ್ಮನೆ ಒಂದು ಮನೆ ಸರಿಸುತ್ತಾನೆ. ಆಗ ಲೆಗಾಲನ ಬಲಿ ಸರಿಯಾದದ್ದು: ಕರಿಯವನು ರಾಣಿಯನ್ನು ಮುಟ್ಟದೆ ಕುದುರೆಯನ್ನು ಕಾಲಾಳಿನಿಂದ ಕಡಿದರೂ, ಬಿಳಿಯ ರಾಣಿ ಕರಿಯ ಒಂಟೆಯನ್ನು ಹೊಡೆಯುತ್ತಾಳೆ, ಬಿಳಿಯವನಿಗೆ ಒಂದು ಕಾಲಾಳು ಲಾಭ. ಇನ್ನೊಂದು ಪಾಠದಲ್ಲಿ ಕರಿಯವನ ರಾಣಿಯ ಕಡೆಯ ಕುದುರೆ ಆಗಲೇ ಹೊರಗೆ ಬಂದಿದೆ. ಆಗ ಅದು ಬಿಳಿಯ ಕುದುರೆಯನ್ನು ಕಡಿದು ಅದೇ ಮನೆಯಿಂದ ತನ್ನ ಒಂಟೆಯನ್ನೂ ಕಾಯುತ್ತದೆ. ಒಂದು ಕಾಲಾಳಿಗಾಗಿ ಬಿಳಿಯವನು ಒಂದು ಕುದುರೆಯನ್ನೇ ಕಳೆದುಕೊಂಡಂತಾಯಿತು. ಒಂದೇ ಬಲೆ ಒಂದು ಪಾಠದಲ್ಲಿ ಸಹಜವಾದದ್ದು, ಮತ್ತೊಂದರಲ್ಲಿ ಪಣವೊಡ್ಡಿದ್ದು. ಕೊನೆಯ ಚಿತ್ರ ಎರಡರಲ್ಲೂ ಒಂದೇ ಆದುದರಿಂದ ಓದುಗರು ಈ ಭೇದವನ್ನು ಗಮನಿಸದೆ ಮೆಚ್ಚುತ್ತಾರೆ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಪ್ರಚಲಿತ ವರದಿಯ ಪ್ರಕಾರ ಲೆಗಾಲನು ಈ ಆಟವನ್ನು ತನ್ನ ಒಂದು ಆನೆಯನ್ನು ಮೊದಲೇ ತೆಗೆದಿಟ್ಟು ಆಡಿದನು. ಅಂದರೆ ಎದುರಾಳಿ ಅವನಿಗೆ ಸರಿಸಮನಲ್ಲವೆಂಬುದು ಆಟ ಪ್ರಾರಂಭವಾಗುವ ಮೊದಲೇ ಇಬ್ಬರಿಗೂ ಗೊತ್ತಿತ್ತು. ಬಲೆಯಿಲ್ಲದಿದ್ದರೂ ಲೆಗಾಲನು ಗೆಲ್ಲುತ್ತಿದ್ದುದು ಬಹುಮಟ್ಟಿಗೆ ಸಂಭವನೀಯವೇ. ಇಂತಹ ಜಯವನ್ನು ಬಲೆಯ ಲೆಕ್ಕಕ್ಕೆ ಹಾಕಬೇಕೆ, ಆಟಗಾರನ ಶಕ್ತಿಯ ಲೆಕ್ಕಕ್ಕೆ ಹಾಕಬೇಕೆ?

ಲೆಗಾಲನ ಶಿಷ್ಯನಾದ ಫಿಲಿಡೋರ್ 1749ರಲ್ಲಿ ಪ್ರಕಟಿಸಿದ ಗ್ರಂಥ ಬೇರೊಂದು ಹಾದಿಯನ್ನು ಹಿಡಿಯಿತು. ಕಾಲಾಳುಗಳೇ ಆಟದ ಜೀವವೆಂಬುದು ಅದರ ಪ್ರಸಿದ್ಧ ತತ್ತ್ವ. ಎದುರಾಳಿಯ ತಪ್ಪಿಗಾಗಿ ಕಾಯುವ ಬದಲು ತನ್ನ ಸ್ಥಿತಿಯನ್ನು ಕಟ್ಟಿಕೊಳ್ಳುವ ಈ ವಿಚಾರ ಮುಂದಿನ ಒಂದೂವರೆ ಶತಮಾನದಲ್ಲಿ ಬೆಳೆದು ಬಲಿತಿತು. ಬಲೆಗಳು ಕೆಫೆಗಳಿಗೆ ಸೇರಿದವೆಂಬ ಭಾವನೆ ಬೆಳೆದದ್ದೂ ಈ ಅವಧಿಯಲ್ಲಿಯೇ.

ಈ ಭಾವನೆಗೆ ಒಂದು ನಿದರ್ಶನ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಎಂಬ ಶ್ರೇಷ್ಠ ಆಟಗಾರನ ಹೆಸರಿಗೆ ಅಂಟಿಕೊಂಡಿರುವ ಷಿಲಿಂಗ್ ಬಲೆ. ಮೂರನೆಯ ನಡೆಯಲ್ಲಿಯೇ ಕರಿಯವನು ಒಮ್ಮೆ ಆಡಿದ ಕುದುರೆಯನ್ನು ಮತ್ತೆ ಮುಂದೊತ್ತಿ, ತನ್ನ ನಡುವಣ ಕಾಲಾಳನ್ನು ಕಾವಲಿಲ್ಲದೆ ಬಿಡುತ್ತಾನೆ. ಬಿಳಿಯವನು ಆಸೆಪಟ್ಟು ಅದನ್ನು ಕುದುರೆಯಿಂದ ಕಡಿದರೆ ಕರಿಯ ರಾಣಿ ಹೊರಬೀಳುತ್ತಾಳೆ. ಲೋಭ ಮುಂದುವರಿದರೆ ಏಳನೆಯ ನಡೆಗೆ ಬಿಳಿಯ ರಾಜನು ತನ್ನ ಕಾಯಿಗಳ ನಡುವೆಯೇ ಉಸಿರುಕಟ್ಟಿ ಸಾಯುತ್ತಾನೆ. ಬಿಳಿಯವನು ಆಸೆಪಡದೆ ಕುದುರೆಗೆ ಕುದುರೆಯನ್ನು ಬದಲಾಯಿಸಿಕೊಂಡರೆ ಕರಿಯವನು ವೃಥಾ ಕಾಲ ಕಳೆದಂತಾಗುತ್ತದೆ. ಒಂದೊಂದು ಷಿಲಿಂಗ್ ಪಂದ್ಯ ಕಟ್ಟಿ ಬಂದವರನ್ನು ಬ್ಲ್ಯಾಕ್‌ಬರ್ನ್ ಹೀಗೆ ಸೋಲಿಸುತ್ತಿದ್ದನೆಂಬುದು ಐತಿಹ್ಯ. ಆದರೆ ಅವನು ಈ ಬಲೆಯನ್ನು ಒಡ್ಡಿದ ಒಂದು ಆಟವನ್ನೂ ಹುಡುಕಿದವರು ಕಂಡಿಲ್ಲ. ಬಲೆಗೆ ಗೌರವ ತರಲು ದೊಡ್ಡವರ ಹೆಸರನ್ನು ಅಂಟಿಸುವ ವಾಡಿಕೆಗೆ ಇದು ಉದಾಹರಣೆಯಾಗಿ ನಿಲ್ಲುತ್ತದೆ.

4

ಇಷ್ಟರಿಂದ ಬಲೆಗಳೆಲ್ಲವೂ ಅಲ್ಪಜ್ಞರ ಆಟಿಕೆಗಳೆಂದು ತೀರ್ಮಾನಿಸಿದರೆ ಅದೂ ಅವಸರವಾದೀತು. ಸಹಜವಾದ ಬಲೆಗಳ ಚರಿತ್ರೆ ಬೇರೆಯೇ ಆಗಿದೆ.

ಆನೆಯ ಬಲೆ ಎಂದು ಹೆಸರಾದುದನ್ನು ಮೊದಲು ನೋಡೋಣ. ರಾಣಿಯ ಮುಂದಿನ ಕಾಲಾಳಿನಿಂದ ಪ್ರಾರಂಭವಾಗುವ ಒಂದು ಪ್ರಸಿದ್ಧ ಆರಂಭದಲ್ಲಿ ಬಿಳಿಯ ಒಂಟೆ ಕರಿಯ ಕುದುರೆಯನ್ನು ಅದರ ಹಿಂದಿರುವ ರಾಣಿಗೆ ಕಟ್ಟಿಹಾಕಿದಂತೆ ಕಾಣುತ್ತದೆ. ಕುದುರೆ ಕದಲಲಾರದೆಂದು ನಂಬಿ ಬಿಳಿಯವನು ನಡುವಣ ಕಾಲಾಳನ್ನು ಕಡಿಯುತ್ತಾನೆ. ಕರಿಯ ಕುದುರೆ ಕದಲಿಯೇ ಬಿಡುತ್ತದೆ. ಬಿಳಿಯ ಒಂಟೆ ರಾಣಿಯನ್ನು ಹೊಡೆದೊಡನೆ ಕರಿಯ ಒಂಟೆ ರಾಜನಿಗೆ ಚೆಕ್ ಕೊಡುತ್ತದೆ. ಬಿಳಿಯವನು ತನ್ನ ರಾಣಿಯನ್ನೇ ಅಡ್ಡ ತರದೆ ಗತಿಯಿಲ್ಲ. ಲೆಕ್ಕ ತೀರಿದಾಗ ಕರಿಯವನಿಗೆ ಒಂದು ಕಾಲಾಳಿಗೆ ಪ್ರತಿಯಾಗಿ ಒಂದು ಕುದುರೆ ಲಾಭ. 1848ರಲ್ಲಿ ಬರ್ಲಿನ್ ನಗರದಲ್ಲಿ ಮಾಯೆಟ್ ಇದಕ್ಕೆ ಬಿದ್ದನು, ಹಾರ್ವಿಟ್ಸ್ ಗೆದ್ದನು; ಇದರ ಮೊದಲ ದಾಖಲೆ ಇದೇ. ಇಲ್ಲಿ ಕರಿಯವನು ಆಡಿದ ಯಾವ ನಡೆಯೂ ಕಳಪೆಯಲ್ಲ. ಬಿಳಿಯವನು ಬೀಳದಿದ್ದರೂ ಅವನ ಸ್ಥಿತಿ ಭದ್ರವಾಗಿಯೇ ಉಳಿಯುತ್ತದೆ. ಹೆಸರಿಗೆ ತಕ್ಕಂತೆ, ಕಾಡಾನೆ ತನ್ನ ನಿತ್ಯದ ಹಾದಿಯಲ್ಲಿ ನಡೆಯುತ್ತಲೇ ಸೊಪ್ಪು ಮುಚ್ಚಿದ ಹಳ್ಳಕ್ಕೆ ಬೀಳುವಂತಹ ಸಂದರ್ಭ ಇದು.

1892ರಲ್ಲಿ ಡ್ರೆಸ್ಡೆನ್ ಪಂದ್ಯಾವಳಿಯಲ್ಲಿ ಟಾರಾಷ್ ಮತ್ತು ಮಾರ್ಕೊ ಆಡಿದ ಆಟ ಇನ್ನೂ ಹೆಚ್ಚು ಬೋಧಪ್ರದವಾಗಿದೆ. ರೂಯ್ ಲೋಪೆಸ್ ಆರಂಭದಲ್ಲಿ ಏಳನೆಯ ನಡೆಗೆ ಮಾರ್ಕೊ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಕೋಟೆಯೊಳಗೆ ಸೇರಿಸಿದನು. ಇದಕ್ಕಿಂತ ಸಹಜವಾದ ನಡೆ ಇನ್ನಾವುದು? ಆದರೆ ಆ ನಡೆಯೇ ತಪ್ಪಾಗಿತ್ತು. ಮುಂದೆ ಸಾಲಾಗಿ ನಡೆದ ವಿನಿಮಯಗಳ ಕೊನೆಯಲ್ಲಿ ಕರಿಯವನಿಗೆ ನಷ್ಟ ಅನಿವಾರ್ಯವಾಗಿ, ಹದಿನೇಳನೆಯ ನಡೆಗೆ ಅವನು ಸೋಲೊಪ್ಪಿದನು. ಗಮನಿಸಬೇಕಾದ ಸಂಗತಿಯೆಂದರೆ ಟಾರಾಷ್ ಈ ಸಾಲನ್ನು ತಾನೇ ವಿಶ್ಲೇಷಿಸಿ 1891ರಲ್ಲಿ ಜರ್ಮನಿಯ ಚದುರಂಗ ಪತ್ರಿಕೆಯಲ್ಲಿ ಪ್ರಕಟಿಸಿದ್ದನು. ಮಾರ್ಕೊ ಅಜ್ಞನಲ್ಲ, ಮುಂದೆ ವಿಯೆನ್ನದ ಚದುರಂಗ ಪತ್ರಿಕೆಯ ಸಂಪಾದಕನಾಗಿ, ಆಟಗಳ ವ್ಯಾಖ್ಯಾನಕಾರನಾಗಿ ಹೆಸರಾದವನು. ಅಚ್ಚಾದ ವಿದ್ಯೆ ಎಲ್ಲರ ಕೈಗೆಟುಕುವಂತಿದ್ದರೂ ಹಲಗೆಯ ಮುಂದೆ ಕುಳಿತಾಗ ನೆರವಿಗೆ ಬರುವುದು ಅಭ್ಯಾಸವೇ. ಇಲ್ಲಿ ಬಲೆಗೆ ಬಿದ್ದದ್ದೂ ಆ ಅಭ್ಯಾಸವೇ.

1929ರ ಬುಡಾಪೆಸ್ಟ್ ಪಂದ್ಯಾವಳಿಯಲ್ಲಿ ಎಂಡ್ರೆ ಸ್ಟೈನರನ ಒಂಟೆಯನ್ನು ಕಾಪಾಬ್ಲಾಂಕ ಮೂರು ಕಾಲಾಳುಗಳಿಂದ ಮೂಲೆಗೊತ್ತಿ ಸೆರೆಹಿಡಿದದ್ದೂ ಇದೇ ಬಗೆಯದು. ನೋಹನ ನಾವೆಯ ಬಲೆಯೆಂದು ಹೆಸರಾದ ಇದಕ್ಕಾಗಿ ಕಾಪಾಬ್ಲಾಂಕ ಯಾವ ಪಣವನ್ನೂ ಒಡ್ಡಲಿಲ್ಲ. ಕಾಲಾಳುಗಳನ್ನು ಮುಂದೊತ್ತುವುದು ಅವನ ರಕ್ಷಣೆಗೆ ಸೇರಿದ ನಡೆಯೇ ಆಗಿತ್ತು. ಸ್ಟೈನರ್ ತನ್ನ ರಾಣಿಯಿಂದ ಕಾಲಾಳನ್ನು ಕಡಿಯಲು ಅವಸರಿಸಿದ್ದೇ ಕೆಟ್ಟಿತು.

5

ಬಲಿಷ್ಠನಾದ ಎದುರಾಳಿಗೆಂದೇ ಬಹುಕಾಲ ಹೊಂಚಿ ಬಲೆಯೊಡ್ಡಿದರೆ ಏನಾಗುತ್ತದೆ? ಇದಕ್ಕೆ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಉತ್ತರವಿದೆ. ಅಮೆರಿಕದ ಮಾರ್ಷಲ್ 1909ರ ದ್ವಂದ್ವ ಪಂದ್ಯದಲ್ಲಿ ಕಾಪಾಬ್ಲಾಂಕನಿಂದ ಎಂಟು ಆಟಗಳನ್ನು ಸೋತು ಒಂದನ್ನು ಮಾತ್ರ ಗೆದ್ದಿದ್ದನು. 1918ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರೂ ಮತ್ತೆ ಎದುರಾದಾಗ, ಮಾರ್ಷಲ್ ರೂಯ್ ಲೋಪೆಸ್ ಆರಂಭದಲ್ಲಿ ಒಂದು ಕಾಲಾಳನ್ನು ಬಿಟ್ಟುಕೊಟ್ಟು ಬಿಳಿಯ ರಾಜನ ಮೇಲೆ ಭೀಕರವಾದ ದಾಳಿಯನ್ನು ಹೂಡಿದನು. ಒಂಬತ್ತು ವರ್ಷಗಳ ಕಾಲ ಈ ಗುಟ್ಟನ್ನು ಅವನು ಕಾಪಾಬ್ಲಾಂಕನಿಗಾಗಿಯೇ ಬಚ್ಚಿಟ್ಟಿದ್ದನೆಂಬ ಕಥೆ ಹಬ್ಬಿದೆ. 1917ರಲ್ಲಿ ಅವನು ಫ್ರಿಯರ್ ಎಂಬವನೊಡನೆ ಇಂಥದೇ ಆಟವನ್ನು ಆಡಿದ್ದುದರಿಂದ ಈ ಕಥೆಯನ್ನು ಹಾಗೆಯೇ ನಂಬುವುದು ಕಷ್ಟ. ಆದರೆ ಮಾರ್ಷಲ್ ಮನೆಯಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದನು, ಕಾಪಾಬ್ಲಾಂಕ ಸಿದ್ಧನಾಗಿರಲಿಲ್ಲ ಎಂಬುದರಲ್ಲಿ ಸಂದೇಹವಿಲ್ಲ.

ಕಾಪಾಬ್ಲಾಂಕ ಕಾಲಾಳನ್ನು ಸ್ವೀಕರಿಸಿದನು. ಎದುರಾಳಿ ಎಲ್ಲವನ್ನೂ ಲೆಕ್ಕಹಾಕಿ ಬಂದಿದ್ದಾನೆಂದು ತಿಳಿದೂ, ತನ್ನ ವಿವೇಚನೆಯ ಮೇಲೆ ಭರವಸೆಯಿಟ್ಟು ಸವಾಲನ್ನು ಒಪ್ಪಿಕೊಂಡುದಾಗಿ ಮುಂದೆ ಅವನೇ ಬರೆದಿದ್ದಾನೆ. ಹಲಗೆಯ ಮುಂದೆಯೇ ಒಂದೊಂದಾಗಿ ರಕ್ಷಣೆಯ ನಡೆಗಳನ್ನು ಕಂಡುಕೊಂಡು, ದಾಳಿಯನ್ನು ಬರಿದಾಗಿಸಿ, 36 ನಡೆಗಳಲ್ಲಿ ಗೆದ್ದನು. ಹೊಂಚು ಸೋತಿತು. ಆದರೆ ಅದರ ಹಿಂದಿನ ವಿಚಾರ ಸಾಯಲಿಲ್ಲ. ಮುಂದಿನವರು ಹನ್ನೊಂದನೆಯ ನಡೆಯಲ್ಲಿ ಕುದುರೆಯನ್ನು ಹಿಂದೆ ತರುವ ಬದಲು ಒಂದು ಕಾಲಾಳಿನಿಂದ ಅದನ್ನು ಭದ್ರಪಡಿಸಿ ದಾಳಿಯನ್ನು ತಿದ್ದಿದರು. ಮಾರ್ಷಲ್ ದಾಳಿಯೆಂಬ ಹೆಸರಿನಿಂದ ಅದು ವಿಶ್ವದ ಅಗ್ರಗಣ್ಯರೂ ಆಡುವ ಆರಂಭವಾಗಿ ಉಳಿದಿದೆ. ಇಂದು ಅದರಲ್ಲಿ ಗುಟ್ಟೇನೂ ಇಲ್ಲ. ಎಲ್ಲರೂ ಬಲ್ಲರು, ಆದರೂ ಅದು ನಿಲ್ಲುತ್ತದೆ. ಗುಟ್ಟು ಹೋದ ಮೇಲೂ ನಿಲ್ಲುವ ಶಕ್ತಿಯಿದೆಯೆ ಎಂಬುದೇ ಒಂದು ಬಲೆಯ ಬೆಲೆಯನ್ನು ಅಳೆಯುವ ಸರಿಯಾದ ಅಳತೆಗೋಲೆಂದು ನಾವು ಭಾವಿಸುತ್ತೇವೆ.

6

ಭಾರತೀಯರಿಬ್ಬರ ನಿದರ್ಶನಗಳು ಈ ವಿವೇಚನೆಯನ್ನು ಪೂರ್ಣಗೊಳಿಸುತ್ತವೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶೀಯ ನಿಯಮಗಳ ಚದುರಂಗದಲ್ಲಿ ಬೆಳೆದವನು. ಆ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಇಡುವುದು ರೂಢಿ. ಯೂರೋಪಿನ ಬಗೆಯ ಕ್ಯಾಸ್ಲಿಂಗ್ ಇಲ್ಲ. ಆದುದರಿಂದ ಯೂರೋಪಿನವರು ತಲೆಮಾರುಗಳಿಂದ ಕೂಡಿಟ್ಟ ಆರಂಭಗಳ ವಿದ್ಯೆ ಅವನಿಗೆ ಅಪರಿಚಿತವಾಗಿತ್ತು. 1929ರಲ್ಲಿ ಇಂಗ್ಲೆಂಡಿಗೆ ಹೋದ ಅವನು ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದನು. 1932 ಮತ್ತು 1933ರಲ್ಲಿ ಮತ್ತೆ ಆ ಪದವಿಯನ್ನು ಗಳಿಸಿದನು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಾಪಾಬ್ಲಾಂಕನನ್ನೇ ಸೋಲಿಸಿದನು. ಆರಂಭದಲ್ಲಿ ಅವನು ಅನೇಕ ವೇಳೆ ಹಿಂದೆ ಬೀಳುತ್ತಿದ್ದುದು ನಿಜ. ಆದರೆ ಆಟದ ಭವಿಷ್ಯ ಬಲೆಗಳಿಂದಲೇ ನಿರ್ಣಯವಾಗುವಂತಿದ್ದರೆ, ಪುಸ್ತಕವಿದ್ಯೆಯ ಆಸರೆಯಿಲ್ಲದ ಇಂತಹ ಆಟಗಾರ ನಾಲ್ಕು ವರ್ಷಗಳ ಕಾಲ ಯೂರೋಪಿನ ಪ್ರಬಲರ ನಡುವೆ ನಿಲ್ಲುವುದು ಸಾಧ್ಯವಾಗುತ್ತಿರಲಿಲ್ಲ.

ಎರಡನೆಯದು ಇದಕ್ಕೆ ವಿರುದ್ಧವಾದ ಮುಖ. 1987ರಲ್ಲಿ ವಿಶ್ವ ಕಿರಿಯರ ಚಾಂಪಿಯನ್ ಆಗಿದ್ದ ವಿಶ್ವನಾಥನ್ ಆನಂದ್ 1988ರಲ್ಲಿ ಸ್ವಿಟ್ಸರ್‌ಲೆಂಡಿನ ಬೀಲ್ ನಗರದಲ್ಲಿ ಕೊಲಂಬಿಯದ ಸಪಾಟನೊಡನೆ ಆಡಿದರು. ಐದನೆಯ ನಡೆಯಲ್ಲಿ ಅವರು ತಮ್ಮ ಕುದುರೆಗೆ ಬೆಂಬಲವಾಗಿ ಒಂಟೆಯನ್ನು ಹೊರತಂದರು. ಸಪಾಟ ತನ್ನ ರಾಣಿಯನ್ನು ಒಂದೇ ಒಂದು ಮನೆ ಸರಿಸಿ ರಾಜನ ಮುಂದೆ ನಿಲ್ಲಿಸಿದನು. ಕರಿಯ ಕುದುರೆ ತನ್ನ ರಾಜನ ಸಾಲಿನಲ್ಲಿ ಬಂಧಿತವಾಯಿತು. ಅದನ್ನು ಉಳಿಸುವ ಹಾದಿಯಿರಲಿಲ್ಲ. ಆನಂದ್ ಆಗಲೇ ಸೋಲೊಪ್ಪಿದರು. ಇದೇ ಒಂಟೆಯ ನಡೆ 1987ರಲ್ಲಿ ಮೈಲ್ಸ್ ಮತ್ತು ಕ್ರಿಸ್ಟಿಯನ್ಸನ್ ಎಂಬ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳ ಆಟದಲ್ಲಿ ಬಂದಿತ್ತು. ಬಿಳಿಯವನು ಅದನ್ನು ದಂಡಿಸದೆ ಬಿಟ್ಟು, ಆಟ ಸಮಬಲದಲ್ಲಿ ಮುಗಿದಿತ್ತು. ಆನಂದ್ ಆ ಪೂರ್ವನಿದರ್ಶನವನ್ನು ಅನುಸರಿಸಿದ್ದರು. ಇಲ್ಲಿ ಬಲೆಯೊಡ್ಡಿದವರು ಯಾರು? ಸಪಾಟ ಒಡ್ಡಲಿಲ್ಲ, ಎದುರಿಗೆ ಬಂದುದನ್ನು ಕಂಡನು, ಅಷ್ಟೆ. ಬಲೆಯಾದುದು ದೊಡ್ಡವರು ಆಡಿದ್ದಾರೆಂಬ ವಿಶ್ವಾಸ. ಮುಂದೆ ಐದು ಬಾರಿ ವಿಶ್ವ ಚಾಂಪಿಯನ್ ಪದವಿಗೇರಿದ ಆಟಗಾರನನ್ನೂ ಅದು ಆರು ನಡೆಗಳಲ್ಲಿ ಕೆಡವಿತು.

7

ಮೇಲಿನ ಸಾಕ್ಷ್ಯಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಪಣವೊಡ್ಡಿದ ಬಲೆಗಳು ಪ್ರಾಯಶಃ ಫಲಿಸುವುದು ಶಕ್ತಿಯಲ್ಲಿ ಬಹಳ ಅಂತರವಿರುವ ಕಡೆ. ಅಲ್ಲಿ ಬಲೆಯಿಲ್ಲದೆಯೂ ಬಲ್ಲವನು ಗೆಲ್ಲುತ್ತಾನೆ. ಸಮಬಲರ ನಡುವೆ ಅವು ಒಡ್ಡಿದವನ ಸ್ಥಿತಿಯನ್ನೇ ಕೆಡಿಸುತ್ತವೆ. ಅವಸರದ ಆಟದಲ್ಲಿ, ಯೋಚನೆಗೆ ಕೆಲವೇ ನಿಮಿಷಗಳಿರುವಾಗ, ಅವುಗಳ ಶಕ್ತಿ ಹೆಚ್ಚುವುದು ನಿಜ. ಆದರೆ ಅದು ಗಡಿಯಾರದ ಶಕ್ತಿಯೇ ಹೊರತು ಬಲೆಯದಲ್ಲ. ಸಹಜವಾದ ಬಲೆಗಳಾದರೋ ಪ್ರವೀಣರನ್ನೂ ಹಿಡಿದಿವೆ. ಅವು ಫಲಿಸುವುದು ಎದುರಾಳಿಯ ಅಜ್ಞಾನದಿಂದ ಮಾತ್ರವಲ್ಲ. ಕ್ಯಾಸ್ಲಿಂಗ್ ಸದಾ ಕ್ಷೇಮ, ಬಂಧಿತವಾದ ಕುದುರೆ ಕದಲದು, ದೊಡ್ಡವರು ಆಡಿದ ನಡೆ ತಪ್ಪಲ್ಲ ಎಂಬಂತಹ, ಸಾಮಾನ್ಯವಾಗಿ ಸತ್ಯವೇ ಆದ ನಂಬಿಕೆಗಳಿಂದ.

ಆದುದರಿಂದ ಬಲೆಗಳನ್ನು ಕಲಿಯುವುದು ವ್ಯರ್ಥವಲ್ಲ. ಪ್ರತಿಯೊಂದು ಬಲೆಯೂ ಒಂದು ನಂಬಿಕೆ ಎಲ್ಲಿ ಮುರಿಯುತ್ತದೆಂಬುದನ್ನು ತೋರಿಸುವ ನಿದರ್ಶನ. ಅದನ್ನು ಒಡ್ಡುವ ಮುನ್ನ ಎದುರಾಳಿ ಬೀಳದಿದ್ದರೆ ತನ್ನ ಸ್ಥಿತಿ ಏನಾಗುತ್ತದೆಂದು ಕೇಳಿಕೊಳ್ಳುವವನು ಕೆಡಲಾರ. ಹಿಂದೆ ಬಲೆಗಳ ಸಂಗ್ರಹಕಾರನು ಗೆದ್ದ ಆಟಗಳನ್ನು ಆಯ್ದು ಕೊಡುತ್ತಿದ್ದನು. ಇಂದು ಗಣಕಯಂತ್ರಗಳ ಭಂಡಾರದಲ್ಲಿ ಗೆದ್ದವೂ ಸೋತವೂ ಒಟ್ಟಿಗೆ ದೊರೆಯುತ್ತವೆ, ಪ್ರತಿಯೊಂದು ನಡೆಯ ಬೆಲೆಯನ್ನು ಯಂತ್ರವೇ ತೂಗಿ ಹೇಳುತ್ತದೆ. ಹೀಗಿರುವಲ್ಲಿ ಹಳೆಯ ಸಂಗ್ರಹಗಳನ್ನು ಬಿಸಾಡಬೇಕಾಗಿಲ್ಲ. ಅವು ಏನನ್ನು ಬಿಟ್ಟಿವೆಯೆಂಬ ಅರಿವಿನಿಂದ ಓದಬೇಕು. ಗ್ರೆಕೊವಿನ ಹಸ್ತಪ್ರತಿಯನ್ನು ಓದುವಾಗ ಅನ್ವಯಿಸುವ ಈ ಎಚ್ಚರ, ಜಯವನ್ನು ಮಾತ್ರ ಹೇಳುವ ಬೇರೆ ಯಾವುದೇ ದಾಖಲೆಗೂ ಅಷ್ಟೇ ಸಲ್ಲುತ್ತದೆ.